ನೀರು ನಿಂತಿದ್ದು ಮೊದಲು, ಇಂಜಿನ್ ಹಿಡಿದಿದ್ದು ಆಮೇಲೆ: ಒಂದು ದೋಣಿ, ಎರಡು ಬೈಕಿನ ರಿಪೇರಿ

ಇಂಜಿನ್ ಸೀಜ್ ಆಗಿದೆ, ಅಂದರೆ ಒಳಗೆ ಹಿಡಿದುಕೊಂಡು ತಿರುಗುತ್ತಿಲ್ಲ ಅಂದ ಕೂಡಲೇ ಎಲ್ಲರ ಕಣ್ಣೂ ಪಿಸ್ಟನ್ ಮೇಲೆ ಹೋಗುತ್ತದೆ. ಪಿಸ್ಟನ್ ಬಿಡಿಸು, ಸಿಲಿಂಡರ್ ಕೊರೆಸಿ ಬೋರ್ ಮಾಡಿಸು, ಹೊಸದು ಹಾಕು, ಮುಗೀತು. ಆದರೆ ಪಿಸ್ಟನ್ ತಾನಾಗೇ ಹಿಡಿದುಕೊಳ್ಳುವುದಿಲ್ಲ. ಎಲ್ಲೋ ನೀರು ನಿಂತಿರುತ್ತದೆ, ಇಲ್ಲವೇ ಆಯಿಲ್ ಸಾಲದೆ ಹೋಗಿರುತ್ತದೆ, ಇಲ್ಲವೇ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆ ಸೇರಿರುತ್ತದೆ. ಅದನ್ನು ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಈ ಸಲ ಬೆಂಚಿನ ಮೇಲೆ ಮೂರು ಇಂಜಿನ್ ಇದ್ದವು. ಮೊದಲನೆಯದು ಉಪ್ಪು ನೀರಿನಲ್ಲಿ ಓಡುವ ಸಣ್ಣ ದೋಣಿಯ ಹಿಂಬದಿಗೆ ಕಟ್ಟುವ ಇಂಜಿನ್, ಅಂದರೆ ಔಟ್‌ಬೋರ್ಡ್. ಟೂ-ಸ್ಟ್ರೋಕ್, ಎರಡು ಸಿಲಿಂಡರ್. ಪೂರ್ತಿ ಥ್ರಾಟಲ್ ಕೊಟ್ಟು ಸ್ವಲ್ಪ ಹೊತ್ತಾದರೆ ಬಿಸಿಯ ಅಲಾರಂ ಕೂಗುತ್ತಿತ್ತು. ಎರಡನೆಯದು ರೇಡಿಯೇಟರ್ ಇರುವ ಸಿಂಗಲ್ ಸಿಲಿಂಡರ್ ಫೋರ್-ಸ್ಟ್ರೋಕ್ ಬೈಕ್. ಓಡುತ್ತಿದ್ದ ಹಾಗೇ ಹಿಡಿದುಕೊಂಡು ನಿಂತಿದ್ದು. ಮೂರನೆಯದು ವರ್ಷಗಟ್ಟಲೆ ಮೂಲೆಯಲ್ಲಿ ನಿಂತು ತುಕ್ಕಿನಿಂದ ಜಾಮ್ ಆದ ಹಳೆಯ ಏರ್ ಕೂಲ್ಡ್ ಬೈಕ್.

ಕೆಲಸಕ್ಕೆ ಇಳಿಯುವ ಮೊದಲು ಒಂದು ಲೆಕ್ಕ. ಅಲ್ಯುಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗುವುದು ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. 60 ಮಿ.ಮೀ. ಪಿಸ್ಟನ್ನಿನ ಬಿಸಿ 100 ಡಿಗ್ರಿ ಏರಿದರೆ ಅದು ಸುಮಾರು 0.12 ಮಿ.ಮೀ. ಹಿಗ್ಗುತ್ತದೆ. ಅದೇ ಅಳತೆಯ ಕಬ್ಬಿಣದ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆ, 0.07 ಮಿ.ಮೀ. ಹತ್ತಿರ ಹಿಗ್ಗುತ್ತದೆ. ವ್ಯತ್ಯಾಸ 0.05. ಸಣ್ಣ ಇಂಜಿನ್‌ಗಳಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಸಂದು ಕೂಡ ಹೆಚ್ಚುಕಮ್ಮಿ ಅಷ್ಟೇ. ಅದರ ಮೇಲೆ ಪಿಸ್ಟನ್ ಯಾವಾಗಲೂ ಗೋಡೆಗಿಂತ ಜಾಸ್ತಿ ಬಿಸಿ ಇರುತ್ತದೆ. ಅಂದರೆ ಗೋಡೆಯ ಬಿಸಿಯನ್ನು ಹೊತ್ತೊಯ್ಯುವ ನೀರು ನಿಂತರೆ ಇಂಜಿನ್ನಿಗೆ ಉಳಿಯುವ ಸಮಯ ತುಂಬಾ ಕಡಿಮೆ.

ಔಟ್‌ಬೋರ್ಡ್: ನೀರಿನ ದಾರಿಯಲ್ಲೇ ನಡೆಯುವುದು

ಔಟ್‌ಬೋರ್ಡಿನಲ್ಲಿ ರೇಡಿಯೇಟರ್ ಇಲ್ಲ. ದೋಣಿ ತೇಲುವ ನೀರೇ ಇಂಜಿನ್ ತಣಿಸುವ ಕೂಲಂಟ್. ಗೇರ್ ಕೇಸಿನ ಪಕ್ಕದಲ್ಲಿರುವ ಜಾಲರಿಯಿಂದ ನೀರು ಒಳಗೆ ಬರುತ್ತದೆ. ಡ್ರೈವ್ ಶಾಫ್ಟಿನ ಮೇಲೆ ಕೂತ ರಬ್ಬರ್ ಎಲೆಗಳ ಚಕ್ರ, ಅಂದರೆ ಇಂಪೆಲ್ಲರ್, ಅದನ್ನು ಉದ್ದನೆಯ ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಬ್ಲಾಕ್, ಹೆಡ್, ಬಿಸಿಗೆ ಬಾಯಿ ಬಿಡುವ ಥರ್ಮೋಸ್ಟ್ಯಾಟ್ ಹಾದು ಎಕ್ಸಾಸ್ಟ್ ಜೊತೆ ಹೊರಗೆ ಹೋಗುತ್ತದೆ. ಮಧ್ಯದಲ್ಲಿ ಒಂದು ಸಣ್ಣ ಕವಲು ಪಕ್ಕದ ತೂತಿನಿಂದ ಹೊರಗೆ ಚಿಮ್ಮುತ್ತದೆ. ನಾವು ನಿಂತು ನೋಡುವುದು ಅದನ್ನೇ.

ಆ ಧಾರೆ ಈ ಇಂಜಿನ್ನಿನಲ್ಲಿ ಸಣ್ಣಗಿತ್ತು. ಮೊದಲು ಮಾಡಿದ್ದು ತೀರಾ ಸುಲಭದ ಕೆಲಸ. ಜಾಲರಿಗೆ ಪಾಚಿ, ಪ್ಲಾಸ್ಟಿಕ್ ಸಿಕ್ಕಿದೆಯಾ ನೋಡಿದೆ. ಧಾರೆಯ ತೂತಿಗೆ ತೆಳು ತಂತಿ ತೂರಿಸಿ ಆಡಿಸಿದೆ. ಎಷ್ಟೋ ಸಲ ಒಂದು ಮರಳಿನ ಕಾಳು, ಒಂದು ಉಪ್ಪಿನ ಗಂಟು ಅಲ್ಲಿ ಕೂತು ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಇಲ್ಲಿ ಹಾಗಿರಲಿಲ್ಲ. ತಂತಿ ಆಡಿಸಿದ ಮೇಲೂ ಧಾರೆ ಹಾಗೇ ಇತ್ತು.

ಈ ಧಾರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಧಾರೆ ಜೋರಾಗಿದೆ ಅಂದರೆ ಪಂಪ್ ತಿರುಗುತ್ತಿದೆ ಅಂತ ಮಾತ್ರ ಅರ್ಥ. ಹೆಡ್‌ನ ಮೂಲೆಮೂಲೆಗೂ ನೀರು ಮುಟ್ಟುತ್ತಿದೆ ಅಂತ ಅಲ್ಲ. ಕೆಲವು ಇಂಜಿನ್‌ಗಳಲ್ಲಿ ಈ ಕವಲು ಥರ್ಮೋಸ್ಟ್ಯಾಟ್‌ಗಿಂತ ಮುಂಚೆಯೇ ಒಡೆಯುತ್ತದೆ. ಧಾರೆ ಚೆನ್ನಾಗಿದ್ದೂ ಒಳಗೆ ಸುಟ್ಟುಹೋದ ಇಂಜಿನ್ ಇರುವುದು ಅದಕ್ಕೇ.

ಹಾಗಾಗಿ ಕಣ್ಣಿನ ಮಾತು ಬಿಟ್ಟು ಥರ್ಮಾಮೀಟರ್ ಹಿಡಿದೆ. ಇನ್‌ಫ್ರಾರೆಡ್ ಗನ್ ಹೊಳೆಯುವ ಅಲ್ಯುಮಿನಿಯಂ ಮೇಲೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಅದಕ್ಕೆ ಹೆಡ್ ಮೇಲೆ ಎರಡು ಕಡೆ ಕಪ್ಪು ಪೇಂಟಿನ ಬೊಟ್ಟು ಇಟ್ಟು, ಒಣಗಿಸಿ, ಆ ಬೊಟ್ಟಿಗೇ ಗುರಿ ಇಟ್ಟೆ. ನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ ಓಡಿಸಿದಾಗ ಕೆಳಗಿನ ಸಿಲಿಂಡರ್ ಹತ್ತಿರ 60 ಡಿಗ್ರಿಯ ಆಸುಪಾಸು ಇತ್ತು. ಮೇಲಿನದರ ಹತ್ತಿರ 90 ದಾಟಿತು. ಕೂಡಲೇ ಆಫ್ ಮಾಡಿದೆ. ನೀರು ಕೆಳಗಿನ ಸಿಲಿಂಡರಿನವರೆಗೆ ಬರುತ್ತಿದೆ, ಮೇಲಕ್ಕೆ ಏರುತ್ತಿಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಯಿತು.

ಗೇರ್ ಕೇಸ್ ಇಳಿಸುವುದು ಉಪ್ಪು ನೀರಿನ ಇಂಜಿನ್ನಿನಲ್ಲಿ ತಾಳ್ಮೆಯ ಕೆಲಸ. ಸ್ಟೀಲ್ ಬೋಲ್ಟ್, ಅಲ್ಯುಮಿನಿಯಂ ಬಾಡಿ, ನಡುವೆ ಉಪ್ಪು. ಎರಡು ಲೋಹ ಉಪ್ಪು ನೀರಲ್ಲಿ ಸೇರಿದರೆ ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟನ್ನು ಸುತ್ತ ಕಚ್ಚಿಕೊಳ್ಳುತ್ತದೆ. ಇಂಥ ಬೋಲ್ಟಿಗೆ ಪಾನಾ ಹಾಕಿ ಜೋರು ತೋರಿಸಿದರೆ ತಲೆ ಕಿತ್ತು ಕೈಗೆ ಬರುತ್ತದೆ. ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡುವುದು, ಆಮೇಲೆ ಹಾಟ್ ಏರ್ ಗನ್ನಿನಿಂದ ಬೋಲ್ಟ್ ಸುತ್ತಲಿನ ಅಲ್ಯುಮಿನಿಯಂ ಬಿಸಿ ಮಾಡುವುದು, ಬೋಲ್ಟಿನ ತಲೆಗೆ ನೇರವಾಗಿ ಸಣ್ಣ ಸಣ್ಣ ಏಟು ಕೊಡುವುದು, ಮೊದಲು ಒಂದು ಕೂದಲೆಳೆ ಬಿಗಿ ಮಾಡಿ ಆಮೇಲೆ ಸಡಿಲಿಸುವುದು. ಹೀಗೆ ಎಲ್ಲವೂ ಮುರಿಯದೆ ಬಂದವು. ಕೆಲವು ಮಾಡೆಲ್‌ಗಳಲ್ಲಿ ಒಂದು ಬೋಲ್ಟ್ ಹಿಂದಿನ ಸಣ್ಣ ರೆಕ್ಕೆಯಂಥ ಟ್ರಿಮ್ ಟ್ಯಾಬಿನ ಒಳಗೆ ಅಡಗಿರುತ್ತದೆ. ಎಲ್ಲಾ ಬಿಚ್ಚಿದೆ, ಆದರೂ ಬರುತ್ತಿಲ್ಲ ಅನ್ನಿಸಿದರೆ ಅಲ್ಲಿ ನೋಡಿ. ಗೇರ್ ಶಿಫ್ಟಿನ ಕೊಂಡಿ ಬಿಡಿಸುವುದನ್ನೂ ಮರೆಯಬೇಡಿ.

ಪಂಪಿನ ಮುಚ್ಚಳ ತೆಗೆದಾಗ ಉತ್ತರದ ಅರ್ಧ ಸಿಕ್ಕಿತು. ಇಂಪೆಲ್ಲರಿನ ಎಲೆಗಳು ಒಂದೇ ಕಡೆ ಬಾಗಿ ಹಾಗೇ ಗಟ್ಟಿಯಾಗಿದ್ದವು. ಹೊಸ ರಬ್ಬರ್ ಆದರೆ ಹೊರಗೆ ತೆಗೆದ ಕೂಡಲೇ ನೆಟ್ಟಗಾಗಬೇಕು. ಎರಡು ಎಲೆಗಳ ತುದಿ ಇರಲೇ ಇಲ್ಲ. ಸ್ಟೀಲ್ ಬಟ್ಟಲಿನ ಒಳಗೋಡೆಯಲ್ಲಿ ಮರಳು ಉಜ್ಜಿದ ಗೀರು. ಕೆಳಗಿನ ತಟ್ಟೆಯಲ್ಲಿ ಉಗುರಿಗೆ ಸಿಗುವಷ್ಟು ಸುತ್ತು ಗುಳಿ. ಈ ಪಂಪಿಗೆ ನೀರೇ ಜಾರುಕ. ನೀರಿಲ್ಲದೆ ಸುಮ್ನೆ ಸ್ಟಾರ್ಟ್ ಮಾಡಿ ನೋಡೋಣ ಅಂತ ಕೆಲವು ಸೆಕೆಂಡು ಓಡಿಸಿದರೂ ಎಲೆಗಳ ಅಂಚು ಸುಟ್ಟುಹೋಗುತ್ತದೆ.

ಇಲ್ಲಿಗೆ ಹೊಸ ಇಂಪೆಲ್ಲರ್ ಹಾಕಿ ಮುಚ್ಚುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಮುರಿದ ಎರಡು ತುದಿ ಎಲ್ಲಿ ಹೋದವು? ಪಂಪ್ ತಳ್ಳುವುದು ಮೇಲಕ್ಕೆ. ಹಾಗಾದರೆ ಆ ತುಂಡುಗಳೂ ಮೇಲಕ್ಕೇ ಹೋಗಿರಬೇಕು. ಒಂದು ತುಂಡು ನೀರಿನ ಕೊಳವೆಯ ಬಾಯಲ್ಲೇ ಸಿಕ್ಕಿತು. ಇನ್ನೊಂದು ಇರಲಿಲ್ಲ. ಥರ್ಮೋಸ್ಟ್ಯಾಟ್ ಮುಚ್ಚಳ ತೆಗೆದು ಅಲ್ಲಿಂದ ಹೋಸ್ ಪೈಪಿನಲ್ಲಿ ಹಿಮ್ಮುಖವಾಗಿ ನೀರು ಬಿಟ್ಟೆ. ಕಂದು ನೀರು ಬಂತು, ಉಪ್ಪಿನ ಚಕ್ಕೆ ಬಂತು, ರಬ್ಬರ್ ಬರಲಿಲ್ಲ. ಕೊನೆಗೆ ಹೆಡ್‌ನ ಹೊರ ಮುಚ್ಚಳ ಬಿಚ್ಚಿದಾಗ ಕಂಡಿತು. ಮೇಲಿನ ಸಿಲಿಂಡರಿಗೆ ಹೋಗುವ ಸಣ್ಣ ಕಾಲುವೆಯಲ್ಲಿ ರಬ್ಬರ್ ತುಂಡು ಅಡ್ಡ ಕೂತಿತ್ತು. ಅದರ ಹಿಂದೆ ಉಪ್ಪು ಪದರ ಪದರವಾಗಿ ಕಟ್ಟಿಕೊಂಡು ದಾರಿ ಪೆನ್ಸಿಲ್ ಮೊನೆಯಷ್ಟಾಗಿತ್ತು.

ಥರ್ಮೋಸ್ಟ್ಯಾಟ್ ಕೂಡ ಅರ್ಧ ತೆರೆದು ಅಲ್ಲೇ ಅಂಟಿತ್ತು. ಇದನ್ನು ಪರೀಕ್ಷಿಸುವುದು ಸುಲಭ. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗುಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನಿಧಾನಕ್ಕೆ ಕಾಯಿಸಿ. ಅದರ ಮೇಲೆ ಒತ್ತಿರುವ ಅಂಕಿಯ ಹತ್ತಿರ ಬಾಯಿ ಬಿಡಬೇಕು, ಆರಿದಾಗ ಪೂರ್ತಿ ಮುಚ್ಚಬೇಕು. ಉಪ್ಪು ನೀರಿನ ಔಟ್‌ಬೋರ್ಡುಗಳಲ್ಲಿ ಇದು ಸಾಮಾನ್ಯವಾಗಿ 50ರಿಂದ 60 ಡಿಗ್ರಿ. ಬೈಕಿನಲ್ಲಿ 70ರಿಂದ 80ರ ಆಸುಪಾಸು. ದೋಣಿಗೆ ಯಾಕೆ ಇಷ್ಟು ಕಡಿಮೆ? ಸಮುದ್ರದ ನೀರು ಬಿಸಿ ಏರಿದಷ್ಟೂ ಕಾಲುವೆಗಳಲ್ಲಿ ಸುಣ್ಣ, ಉಪ್ಪು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿದ ಮೇಲೆ ಬಿಸಿ ಇನ್ನೂ ಏರುತ್ತದೆ, ಆಗ ಇನ್ನೂ ಕಟ್ಟುತ್ತದೆ. ಮೇಲಿನ ಸಿಲಿಂಡರಿನಲ್ಲಿ ಆಗಿದ್ದು ಇದೇ. ರಬ್ಬರ್ ತುಂಡು ಶುರು ಮಾಡಿದ್ದನ್ನು ಉಪ್ಪು ಮುಗಿಸುತ್ತಿತ್ತು. ಥರ್ಮೋಸ್ಟ್ಯಾಟನ್ನೇ ತೆಗೆದು ಓಡಿಸಿದರಾಯಿತು ಅನ್ನುವವರಿದ್ದಾರೆ. ಅದು ಸರಿಯಲ್ಲ. ಇಂಜಿನ್ ತಣ್ಣಗೇ ಓಡಿ ಕಾರ್ಬನ್ ಕಟ್ಟುತ್ತದೆ, ನೀರೂ ಎಲ್ಲಾ ಕಡೆ ಸಮನಾಗಿ ಹಂಚುವುದಿಲ್ಲ.

ಉಪ್ಪು ತೆಗೆಯಲು ಸ್ಕ್ರೂಡ್ರೈವರಿನಿಂದ ಕೆರೆಯುವುದಕ್ಕಿಂತ ವಿನೆಗರ್ ಒಳ್ಳೆಯದು. ಬಿಸಿ ಮಾಡದೆ ತುಂಬಿಸಿಟ್ಟು, ನೊರೆ ನಿಂತ ಮೇಲೆ ಚೆಲ್ಲಿ, ಮತ್ತೆ ಹೊಸದು ಹಾಕಿ, ಕೊನೆಗೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದೆ. ದಿನಗಟ್ಟಲೆ ಬಿಟ್ಟರೆ ಅಲ್ಯುಮಿನಿಯಮ್ಮನ್ನೂ ತಿನ್ನಲು ಶುರು ಮಾಡುತ್ತದೆ, ಆದ್ದರಿಂದ ಆಗಾಗ ನೋಡುತ್ತಿರಬೇಕು.

ಜೋಡಿಸುವಾಗ ಇಂಪೆಲ್ಲರ್, ಬಟ್ಟಲು, ತಟ್ಟೆ, ಕೀ, ಗ್ಯಾಸ್ಕೆಟ್ ಎಲ್ಲಾ ಹೊಸದು. ಇಂಪೆಲ್ಲರ್ ಮೇಲೆ ಬಟ್ಟಲು ಇಳಿಸುವಾಗ ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತಾ ಒತ್ತಬೇಕು. ಈ ಇಂಜಿನ್ನಿನಲ್ಲಿ ಅದು ಮೇಲಿನಿಂದ ನೋಡಿದರೆ ಪ್ರದಕ್ಷಿಣೆ. ಎಲೆಗಳು ಸರಿಯಾದ ಕಡೆಗೆ ಮಡಚಿ ಕೂರುತ್ತವೆ. ಒಳಗೆ ಸೋಪಿನ ನೀರು ಸವರಿದರೆ ಮೊದಲ ಸುತ್ತುಗಳಲ್ಲಿ ಒಣಗಿ ಉಜ್ಜುವುದಿಲ್ಲ. ಶಾಫ್ಟಿನ ತುದಿಯ ಹಲ್ಲುಗಳ ಪಕ್ಕಕ್ಕೆ ಗ್ರೀಸ್ ಹಾಕಿ, ತಲೆಯ ಮೇಲೆ ಹಾಕಬೇಡಿ. ಅಲ್ಲಿ ಗ್ರೀಸ್ ತುಂಬಿದರೆ ಅದಕ್ಕೆ ಹೋಗಲು ಜಾಗವಿಲ್ಲದೆ ಶಾಫ್ಟ್ ಪೂರ್ತಿ ಮೇಲೆ ಕೂರುವುದಿಲ್ಲ.

ಗೇರ್ ಕೇಸ್ ಮೇಲೆತ್ತುವಾಗ ಮೂರು ವಿಷಯ ಒಟ್ಟಿಗೇ ಸರಿಹೋಗಬೇಕು: ಶಾಫ್ಟಿನ ಹಲ್ಲು, ಶಿಫ್ಟ್ ಕೊಂಡಿ, ನೀರಿನ ಕೊಳವೆ. ಮೊದಲ ಎರಡು ಸೇರದಿದ್ದರೆ ಕೇಸ್ ಮೇಲೇರುವುದೇ ಇಲ್ಲ, ಗೊತ್ತಾಗುತ್ತದೆ. ಕೊಳವೆ ಹಾಗಲ್ಲ. ಅದರ ತುದಿ ಪಂಪಿನ ಮೇಲಿರುವ ರಬ್ಬರ್ ಉಂಗುರದೊಳಗೆ ಇಳಿಯದೆ ಪಕ್ಕಕ್ಕೆ ತಾಗಿ ನಿಂತರೂ ಬೋಲ್ಟ್‌ಗಳು ಆರಾಮಾಗಿ ಬಿಗಿಯಾಗುತ್ತವೆ. ಹೊರಗಿನಿಂದ ಎಲ್ಲಾ ಸರಿ. ಒಳಗೆ ಹೊಸ ಪಂಪ್ ನೀರನ್ನೆಲ್ಲಾ ಇಂಜಿನ್ನಿನ ಕೆಳಗಿನ ಉದ್ದ ಕಾಲಾದ ಲೆಗ್‌ನ ಟೊಳ್ಳಿಗೆ ಚೆಲ್ಲುತ್ತಿರುತ್ತದೆ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಧಾರೆ ಬರುತ್ತಿಲ್ಲ ಅನ್ನುವ ದೂರುಗಳಲ್ಲಿ ಇದು ಪದೇ ಪದೇ ಸಿಗುತ್ತದೆ. ನಾನು ಉಂಗುರಕ್ಕೆ ಒಳ್ಳೆ ಗ್ರೀಸ್ ಹಚ್ಚಿ, ಟಾರ್ಚ್ ಹಾಕಿ, ಕೊಳವೆ ಬಾಯಿಗೆ ಬರುವುದನ್ನು ಕಣ್ಣಲ್ಲಿ ನೋಡುತ್ತಾ ಕೊನೆಯ ಎರಡು ಬೆರಳಷ್ಟು ಎತ್ತಿದೆ. ಕೊಳವೆ ಉಂಗುರದೊಳಗೆ ಜಾರುವಾಗ ಕೈಗೆ ಒಂದು ಮೆತ್ತನೆಯ ತಡೆ ಸಿಗುತ್ತದೆ. ಅದು ಸಿಕ್ಕ ಮೇಲೇ ಬೋಲ್ಟ್.

ಮೇಲಿನ ಪಿಸ್ಟನ್ ಬಗ್ಗೆ ಆತಂಕ ಇತ್ತು. ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಎರಡರಲ್ಲೂ ನೋಡಿದೆ, ಮೇಲಿನದು ತುಸು ಕಡಿಮೆ, ಆದರೆ ವ್ಯತ್ಯಾಸ ಶೇ. 10ರೊಳಗೇ ಇತ್ತು. ಎಕ್ಸಾಸ್ಟ್ ಕಡೆಯ ಮುಚ್ಚಳ ತೆಗೆದು ಪೋರ್ಟಿನಿಂದ ಇಣುಕಿದರೆ ಪಿಸ್ಟನ್ ಮೇಲೆ ತೆಳು ಉದ್ದ ಗೀರುಗಳು. ಪಿಸ್ಟನ್ ಸುತ್ತಲಿನ ರಿಂಗನ್ನು ಮರದ ಕಡ್ಡಿಯಿಂದ ಒತ್ತಿದರೆ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬಂತು. ಹಿಡಿಯುವ ಹಂತಕ್ಕೆ ಬಂದು ತಪ್ಪಿಸಿಕೊಂಡಿದೆ. ಹಾಗೇ ಬಿಟ್ಟೆ.

ಬೈಕ್: ಟ್ಯಾಂಕ್ ತುಂಬಿದೆ, ರೇಡಿಯೇಟರ್ ಖಾಲಿ

ಬೈಕ್ ಬಂದಾಗ ಮಾಲೀಕರು ಎರಡು ವಿಷಯ ಖಚಿತವಾಗಿ ಹೇಳಿದರು. ಕೂಲಂಟ್ ಟ್ಯಾಂಕಿನಲ್ಲಿ ಮಟ್ಟ ಸರಿಯಾಗಿತ್ತು. ಗೇಜ್ ಕೆಂಪಿಗೆ ಹೋಗಿರಲಿಲ್ಲ. ಎರಡೂ ನಿಜವೇ. ಆದರೂ ಇಂಜಿನ್ ಬಿಸಿಯಿಂದಲೇ ಹಿಡಿದಿತ್ತು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಬಿಸಿ ಇರುವಾಗ ಎಂದಿಗೂ ತೆಗೆಯಬೇಡಿ, ಒತ್ತಡ ಬಿಟ್ಟ ಕೂಡಲೇ ಕುದಿದು ಮುಖಕ್ಕೇ ಬರುತ್ತದೆ. ಟಾರ್ಚ್ ಹಾಕಿದರೆ ಒಳಗೆ ಕೊಳವೆಗಳ ತಲೆ ಒಣಗಿ ಕಾಣುತ್ತಿದ್ದವು. ಪಕ್ಕದ ಟ್ಯಾಂಕ್ ಮಾತ್ರ ತುಂಬಿತ್ತು.

ಇದು ಹೇಗೆ ಸಾಧ್ಯ? ರೇಡಿಯೇಟರ್ ಮುಚ್ಚಳದಲ್ಲಿ ಎರಡು ವಾಲ್ವ್ ಇವೆ. ಬಿಸಿಗೆ ಕೂಲಂಟ್ ಹಿಗ್ಗಿದಾಗ ದೊಡ್ಡ ವಾಲ್ವ್ ತೆರೆದು ಹೆಚ್ಚಿದ್ದನ್ನು ಟ್ಯಾಂಕಿಗೆ ಕಳಿಸುತ್ತದೆ, ಅನೇಕ ಬೈಕುಗಳಲ್ಲಿ 1.1 ಬಾರ್ ಒತ್ತಡಕ್ಕೆ. ಆರಿದಾಗ ಒಳಗೆ ಎಳೆತ ಹುಟ್ಟಿ ನಡುವಿನ ಸಣ್ಣ ವಾಲ್ವ್ ಮೂಲಕ ಅದೇ ಕೂಲಂಟ್ ವಾಪಸ್ ಬರುತ್ತದೆ. ಈ ಬೈಕಿನಲ್ಲಿ ಮುಚ್ಚಳದಿಂದ ಟ್ಯಾಂಕಿಗೆ ಹೋಗುವ ಸಣ್ಣ ಹೋಸ್ ಕ್ಲಿಪ್ಪಿನ ಹತ್ತಿರ ಸೀಳಿತ್ತು. ಎಳೆದಾಗ ಕೂಲಂಟ್ ಬದಲು ಗಾಳಿ ಬರುತ್ತಿತ್ತು. ಹೋಗುವುದು ಹೋಗುತ್ತಿತ್ತು, ಬರುವುದು ಬರುತ್ತಿರಲಿಲ್ಲ. ಅದರ ಜೊತೆಗೆ ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಒಣಗಿದ ಹಸಿರು ಕಲೆ ಇಳಿದಿತ್ತು. ಆ ತೂತು ಇರುವುದೇ ಹೇಳಲಿಕ್ಕೆ: ಒಳಗಿನ ಸೀಲ್ ಹೋಗಿದೆ, ನೋಡು ಅಂತ. ಅದನ್ನು ಸಿಲಿಕಾನ್ ಹಾಕಿ ಮುಚ್ಚುವವರನ್ನೂ ನೋಡಿದ್ದೇನೆ. ಮುಚ್ಚಿದರೆ ಕೂಲಂಟ್ ಹೊರಗೆ ಬರುವ ಬದಲು ಆಯಿಲ್ ಕಡೆಗೆ ದಾರಿ ಹುಡುಕುತ್ತದೆ.

ಗೇಜ್ ಯಾಕೆ ಏರಲಿಲ್ಲ? ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಸುತ್ತ ಗಾಳಿ, ಆವಿ ಇದ್ದರೆ ಅದು ಲೋಹದ ನಿಜವಾದ ಬಿಸಿ ತೋರಿಸುವುದಿಲ್ಲ. ಫ್ಯಾನ್ ಕೂಡ ಅದೇ ಮಾಹಿತಿ ನಂಬಿ ಸುಮ್ಮನಿತ್ತು.

ಇಂಜಿನ್ ಬಿಡಿಸುವ ಮೊದಲು ಹಿಡಿದಿರುವುದು ನಿಜವಾಗಿ ಪಿಸ್ಟನ್ನೇನಾ ಅಂತ ನೋಡಬೇಕು. ಸ್ಟಾರ್ಟರಿನ ಗೇರ್ ಸಿಕ್ಕಿಕೊಂಡಿರಬಹುದು, ಗೇರ್ ಬಾಕ್ಸ್ ಹಿಡಿದಿರಬಹುದು, ಸಿಲಿಂಡರಿನಲ್ಲಿ ನೀರು ತುಂಬಿರಬಹುದು. ಸ್ಪಾರ್ಕ್ ಪ್ಲಗ್ ತೆಗೆದು, ನ್ಯೂಟ್ರಲ್ ಮಾಡಿ, ಕ್ರ್ಯಾಂಕಿನ ತುದಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿದೆ. ಸ್ಟಾರ್ಟರ್ ಮುಟ್ಟಲೇ ಇಲ್ಲ. ಆರಿದ ಮೇಲೆ ಪಿಸ್ಟನ್ ಕುಗ್ಗಿ ಬಿಟ್ಟುಕೊಂಡಿತ್ತು. ಆದರೆ ಒಂದು ಜಾಗದಲ್ಲಿ ಕರಕರ ಅಂತ ಕೈಗೆ ತಿಳಿಯುತ್ತಿತ್ತು. ಬಿಸಿಯಿಂದ ಹಿಡಿದ ಇಂಜಿನ್ ಆರಿದ ಮೇಲೆ ಹೀಗೆ ಬಿಡುವುದು ಸಾಮಾನ್ಯ. ಬಿಟ್ಟಿತಲ್ಲ ಅಂತ ಸ್ಟಾರ್ಟ್ ಮಾಡಿ ಮನೆಗೆ ಓಡಿಸಿಕೊಂಡು ಹೋದರೆ ಮುಂದಿನ ಸಲ ರಾಡ್ ಸಮೇತ ಹೋಗುತ್ತದೆ.

ಹೆಡ್ ತೆಗೆದು, ಸಿಲಿಂಡರ್ ಎತ್ತಿ, ಪಿಸ್ಟನ್ ಕೈಗೆ ಬಂದಾಗ ನಾನು ಅದನ್ನು ತೊಳೆಯುವ ಮೊದಲು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ಪಿಸ್ಟನ್ ಮೇಲಿನ ಗುರುತಿನಲ್ಲಿ ಎಲ್ಲಾ ಬರೆದಿರುತ್ತದೆ. ಪಿನ್ನಿನ ಎರಡೂ ಪಕ್ಕ, ಸುತ್ತ ನಾಲ್ಕು ಕಡೆ ಉಜ್ಜಿದ್ದರೆ ಅದು ತಣ್ಣನೆಯ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಓಡಿಸಿದ್ದು. ಪಿಸ್ಟನ್ ಬೇಗ ಹಿಗ್ಗಿತು, ಸಿಲಿಂಡರ್ ಇನ್ನೂ ಹಿಗ್ಗಿರಲಿಲ್ಲ. ಸಂದು ಕಡಿಮೆ ಇಟ್ಟು ಬೋರ್ ಮಾಡಿದ್ದರೂ ಇದೇ ಗುರುತು. ಟೂ-ಸ್ಟ್ರೋಕಿನಲ್ಲಿ ಇನ್‌ಟೇಕ್ ಕಡೆ ಉಜ್ಜಿದ್ದರೆ ಆಯಿಲ್ ಸಾಲದೆ ಹೋಗಿದೆ. ತಲೆ ಬೆಳ್ಳಗೆ ಸುಟ್ಟು, ಅಂಚು ಕರಗಿ, ತೂತು ಬಿದ್ದಿದ್ದರೆ ಪೆಟ್ರೋಲ್ ಕಡಿಮೆಯಾದ ಮಿಶ್ರಣ, ಇಲ್ಲವೇ ತಪ್ಪು ಟೈಮಿಂಗ್. ಎಕ್ಸಾಸ್ಟ್ ಕಡೆ ಮಾತ್ರ ಉದ್ದಕ್ಕೆ ಉಜ್ಜಿದ್ದರೆ ಕೂಲಿಂಗ್ ಕೈಕೊಟ್ಟಿದೆ ಅಂತ ಮೊದಲು ಅನುಮಾನಿಸಬೇಕು, ಯಾಕೆಂದರೆ ಸಿಲಿಂಡರಿನಲ್ಲಿ ಅತಿ ಬಿಸಿ ಇರುವ ಪಕ್ಕ ಅದೇ.

ಈ ಪಿಸ್ಟನ್ನಿನಲ್ಲಿ ಎಕ್ಸಾಸ್ಟ್ ಪಕ್ಕ ಎರಡು ಬೆರಳಗಲ ಬೆಳ್ಳಿ ಬಣ್ಣದ ಪಟ್ಟಿ. ಅಲ್ಯುಮಿನಿಯಂ ಕೆಳಗೆ ಎಳೆದುಕೊಂಡು ಹೋಗಿ ಎರಡನೆಯ ರಿಂಗ್ ಕೂರುವ ಕಚ್ಚನ್ನು ಮುಚ್ಚಿತ್ತು. ಆ ಭಾಗದಲ್ಲಿ ರಿಂಗ್ ಅಲ್ಲಾಡುತ್ತಿರಲಿಲ್ಲ. ಉಳಿದ ಕಡೆ ಹೊಸದರ ಹಾಗಿತ್ತು. ಖಾಲಿ ರೇಡಿಯೇಟರಿನ ಮಾತಿಗೂ ಪಿಸ್ಟನ್ನಿನ ಮಾತಿಗೂ ತಾಳೆಯಾಯಿತು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ಮಟ್ಟವೂ ಸರಿ ಇತ್ತು.

ಸಿಲಿಂಡರ್ ಅಲ್ಯುಮಿನಿಯಂದು, ಒಳಗೆ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನ. ಇದನ್ನು ಕಬ್ಬಿಣದ ಲೈನರಿನ ಹಾಗೆ ಬೋರ್ ಮಾಡಿಸಿ 0.25 ಅಥವಾ 0.50 ಓವರ್‌ಸೈಜ್ ಪಿಸ್ಟನ್ ಹಾಕಲು ಆಗುವುದಿಲ್ಲ. ಆದರೆ ಈ ಲೇಪನ ಬಹಳ ಗಟ್ಟಿ. ಹೆಚ್ಚಿನ ಸಲ ಅದರ ಮೇಲೆ ಕಾಣುವುದು ಗೀರಲ್ಲ, ಮೆತ್ತಿಕೊಂಡ ಪಿಸ್ಟನ್ ಲೋಹ. ಹೈಡ್ರೋಕ್ಲೋರಿಕ್ ಆಸಿಡನ್ನು ಹತ್ತಿಕಡ್ಡಿಯಲ್ಲಿ ಅದ್ದಿ ಮೆತ್ತಿದ ಜಾಗಕ್ಕೆ ಮಾತ್ರ ಮುಟ್ಟಿಸಿದೆ. ಬುರುಬುರು ನೊರೆ ಬರುತ್ತದೆ, ಅದು ಅಲ್ಯುಮಿನಿಯಂ ಕರಗುತ್ತಿರುವುದು. ಒರೆಸಿ, ಮತ್ತೆ ಮುಟ್ಟಿಸಿ, ಒರೆಸಿ. ನೊರೆ ನಿಂತರೆ ಲೇಪನ ಸಿಕ್ಕಿತು ಅಂತ ಅರ್ಥ. ಒಂದೇ ಜಾಗದಲ್ಲಿ ನೊರೆ ನಿಲ್ಲುತ್ತಲೇ ಇಲ್ಲ, ಗುಳಿ ಆಳವಾಗುತ್ತಿದೆ ಅಂದರೆ ತಕ್ಷಣ ನಿಲ್ಲಿಸಿ. ಅಲ್ಲಿ ಲೇಪನ ಕಿತ್ತುಹೋಗಿ ಆಸಿಡ್ ಸಿಲಿಂಡರನ್ನೇ ತಿನ್ನುತ್ತಿದೆ. ಬಯಲಲ್ಲಿ, ಕನ್ನಡಕ, ಗ್ಲೋವ್ಸ್ ಹಾಕಿ ಮಾಡಬೇಕಾದ ಕೆಲಸ ಇದು, ಹತ್ತಿರ ಬೆಂಕಿ ಇರಬಾರದು. ಬರುವ ಗ್ಯಾಸ್ ಹೈಡ್ರೋಜನ್. ಕೊನೆಗೆ ಜಾಸ್ತಿ ನೀರು, ಸೋಡಾ ಪುಡಿ, ಮತ್ತೆ ನೀರು.

ಇಲ್ಲಿ ನೊರೆ ನಿಂತಿತು. ಉಗುರು ಎಳೆದರೆ ಎಲ್ಲೂ ಸಿಕ್ಕಲಿಲ್ಲ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದೆ. ಎಲ್ಲಾ ಮಿತಿಯೊಳಗೇ. ಹೆಡ್ ಮೇಲೆ ನೇರ ಅಂಚಿನ ಪಟ್ಟಿ ಇಟ್ಟು ಮೂಲೆಯಿಂದ ಮೂಲೆಗೆ ನೋಡಿದೆ, ಫೀಲರ್ ಗೇಜಿನ 0.05ರ ಎಲೆ ಎಲ್ಲೂ ನುಗ್ಗಲಿಲ್ಲ. ಹೊಸ ಪಿಸ್ಟನ್, ಹೊಸ ರಿಂಗ್. ರಿಂಗನ್ನು ಬರಿಯ ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ನಿನಿಂದ ನೇರ ತಳ್ಳಿ, ಬಾಯಿಯ ಸಂದು ಅಳೆದೆ. ಬೋರಿನ ಅಳತೆಯ ಶೇ. 0.4ರಷ್ಟು ಅನ್ನುವುದು ಒಂದು ಅಂದಾಜು, 72 ಮಿ.ಮೀ. ಬೋರಿಗೆ 0.29. ಕೊನೆಯ ಮಾತು ಮಾತ್ರ ಆ ಇಂಜಿನ್ನಿನ ಮ್ಯಾನುಯಲ್‌ದೇ. ಸಂದು ತೀರಾ ಕಡಿಮೆಯಿದ್ದರೆ ಬಿಸಿಗೆ ಎರಡು ತುದಿ ತಾಗಿ ಇಂಜಿನ್ ಮತ್ತೆ ಹಿಡಿಯುತ್ತದೆ.

ಪಂಪಿನ ಸೀಲ್ ಬದಲಿಸುವಾಗ ಸೆರಾಮಿಕ್ ಮುಖಕ್ಕೆ ಬೆರಳಿನ ಜಿಡ್ಡು ತಾಗಿಸಬಾರದು, ಒತ್ತುವಾಗ ಹೊರ ಅಂಚನ್ನು ಮಾತ್ರ ಒತ್ತಬೇಕು. ಶಾಫ್ಟಿನ ಬೇರಿಂಗಿನಲ್ಲಿ ಆಟ ಇದ್ದರೆ ಸೀಲ್ ಎಷ್ಟು ಹೊಸದಿದ್ದರೂ ಸೋರುತ್ತದೆ, ಅದನ್ನೂ ನೋಡಿಯೇ ಹಾಕಿದೆ. ಸೀಳಿದ ಹೋಸ್, ಮುಚ್ಚಳ ಎರಡೂ ಹೊಸದು.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬರಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಈ ಮಿಶ್ರಣ 107ರ ಹತ್ತಿರ, 1.1 ಬಾರ್ ಮುಚ್ಚಳ ಹಾಕಿದರೆ 125 ದಾಟುತ್ತದೆ. ಒಂದು ಹಳೆಯ ಮುಚ್ಚಳ ಎಷ್ಟು ಡಿಗ್ರಿ ಕದಿಯುತ್ತದೆ ನೋಡಿ. ತುಂಬುವಾಗ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಬೈಕನ್ನು ಎರಡೂ ಕಡೆ ವಾಲಿಸಿ, ಮುಚ್ಚಳ ತೆಗೆದೇ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದೆ. ಮೊದಲು ಗುಳ್ಳೆ ಬಂದವು, ಥರ್ಮೋಸ್ಟ್ಯಾಟ್ ತೆರೆದಾಗ ಮಟ್ಟ ಒಮ್ಮೆಲೇ ಇಳಿಯಿತು, ತುಂಬಿಸಿದೆ, ಗುಳ್ಳೆ ನಿಂತವು. ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟಿನಿಂದ ಗ್ಯಾಸ್ ನುಗ್ಗುತ್ತಿದೆ ಅಂತ ಲೆಕ್ಕ.

ತುಕ್ಕು ಹಿಡಿದ ಹಳೆಯ ಬೈಕ್

ಇದರಲ್ಲಿ ಹುಡುಕಲು ಜಾಸ್ತಿ ಏನಿರಲಿಲ್ಲ. ನಿಲ್ಲಿಸುವಾಗ ಒಂದು ವಾಲ್ವ್ ತೆರೆದಿತ್ತು, ಆ ದಾರಿಯಲ್ಲಿ ತೇವ ಒಳಗೆ ಬಂದು ಕಬ್ಬಿಣದ ಬೋರಿಗೆ ರಿಂಗ್ ಅಂಟಿಕೊಂಡಿತ್ತು. ಪ್ಲಗ್ ತೂತಿನಿಂದ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ಮತ್ತು ಅಸಿಟೋನ್ ಸಮ ಸಮ ಸೇರಿಸಿ ಬಿಟ್ಟೆ. ಎರಡೂ ಬೇಗ ಬೇರೆಯಾಗುತ್ತವೆ, ಹಾಕುವ ಮುಂಚೆ ಚೆನ್ನಾಗಿ ಅಲ್ಲಾಡಿಸಬೇಕು. ನೆನೆಯಲು ಬಿಟ್ಟು, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಮುಂದೆ ಹಿಂದೆ ಮೆಲ್ಲಗೆ ಆಡಿಸುತ್ತಾ ಇದ್ದೆ. ಒಂದು ಕೂದಲೆಳೆಯೂ ಕದಲಲಿಲ್ಲ. ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಹೊಡೆಯುವುದು ನನಗೆ ಇಷ್ಟವಿಲ್ಲ, ರಿಂಗ್ ಕೂರುವ ಕಚ್ಚು ಬಿರಿಯುತ್ತದೆ.

ಗ್ರೀಸ್ ಗನ್ ತಂದೆ. ಹಳೆಯ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಅದರ ಬಾಡಿಗೆ ಗ್ರೀಸ್ ನಿಪ್ಪಲ್ ಬಿಗಿದೆ. ಟ್ಯಾಪೆಟ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ ಎರಡೂ ವಾಲ್ವ್ ಮುಚ್ಚಿಕೊಳ್ಳುವ ಹಾಗೆ ಮಾಡಿದೆ. ಒಳಗಿನ ಜಾಗಕ್ಕೆ ಮೊದಲು ಆಯಿಲ್ ತುಂಬಿಸಿ ಆಮೇಲೆ ಗ್ರೀಸ್ ಒತ್ತಿದೆ. 60 ಮಿ.ಮೀ. ಪಿಸ್ಟನ್ನಿನ ತಲೆ 28 ಚದರ ಸೆಂ.ಮೀ. ಕೈ ಗನ್ನಿನಿಂದ 100 ಬಾರ್ ಬಂದರೂ ಪಿಸ್ಟನ್ ಮೇಲೆ ಸುಮಾರು 2.9 ಟನ್ ಭಾರ, ಅದೂ ತಲೆಯ ಎಲ್ಲಾ ಕಡೆ ಸಮನಾಗಿ. ಹಿಡಿ ಗಟ್ಟಿಯಾಗುತ್ತಾ ಹೋಗಿ, ಟಕ್ ಅಂತ ಒಂದು ಸದ್ದು, ಹಿಡಿ ಸಡಿಲ. ಪಿಸ್ಟನ್ ಕೆಳಗಿಳಿದಿತ್ತು. ಪಿಸ್ಟನ್ ಈಗಾಗಲೇ ತಳದಲ್ಲಿದ್ದರೆ ಈ ಉಪಾಯ ನಡೆಯುವುದಿಲ್ಲ. ಟೂ-ಸ್ಟ್ರೋಕಿನಲ್ಲಿ ಪೋರ್ಟ್ ತೆರೆದಿದ್ದರೂ ಅಷ್ಟೇ, ಗ್ರೀಸ್ ಹೊರಗೆ ಹೋಗುತ್ತದೆ.

ಗ್ರೀಸ್ ತೊಳೆಯಲು ಡೀಸೆಲ್ ಬೇಕಾಯಿತು, ಸಮಯವೂ ಬೇಕಾಯಿತು. ಬೋರಿನಲ್ಲಿ ರಿಂಗ್ ನಿಂತಿದ್ದ ಜಾಗದಲ್ಲಿ ತುಕ್ಕಿನ ಗುಳಿ. ಹೋನಿಂಗಿನಲ್ಲಿ, ಅಂದರೆ ಮೇಲ್ಮೇಲೆ ಉಜ್ಜಿದರೆ ಹೋಗುವಂತಿರಲಿಲ್ಲ, 0.50 ಓವರ್‌ಸೈಜಿಗೆ ಬೋರ್ ಮಾಡಿಸಿದೆ. ಫಿನ್‌ಗಳ ನಡುವೆ ಒಣ ಮಣ್ಣು ತುಂಬಿತ್ತು, ಅದನ್ನೂ ತೆಗೆದೆ. ಇಂಥ ಇಂಜಿನ್ನಿಗೆ ಗಾಳಿಯೇ ನೀರು, ಅದರ ದಾರಿಯೂ ತೆರೆದಿರಬೇಕು ಅಲ್ವಾ.

ಓಡಿಸಿ ನೋಡಿದ್ದು

ಔಟ್‌ಬೋರ್ಡನ್ನು ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿದೆ. ಧಾರೆ ಕೂಡಲೇ ಬಂತು, ದಪ್ಪಗೆ. ಕಪ್ಪು ಬೊಟ್ಟುಗಳ ಮೇಲೆ ಗನ್ ಹಿಡಿದರೆ ಎರಡೂ ಸಿಲಿಂಡರ್ 55ರಿಂದ 60ರೊಳಗೆ, ನಡುವೆ ಕೆಲವೇ ಡಿಗ್ರಿ ವ್ಯತ್ಯಾಸ. ಆದರೆ ಡ್ರಮ್ಮಿನಲ್ಲಿ ಇಂಜಿನ್ನಿಗೆ ಭಾರ ಇರುವುದಿಲ್ಲ. ಅದಕ್ಕೆ ದೋಣಿಗೆ ಕಟ್ಟಿ, ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಮತ್ತೆ ಅದೇ ಬೊಟ್ಟುಗಳನ್ನು ಅಳೆದೆ. ಏರಲಿಲ್ಲ, ಅಲಾರಂ ಕೂಗಲಿಲ್ಲ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಥರ್ಮೋಸ್ಟ್ಯಾಟ್ ತೆರೆಯುವಷ್ಟು ಹೊತ್ತು ಓಡಿಸಿ ನಿಲ್ಲಿಸಿದೆ. ಅದು ತೆರೆಯುವ ಮೊದಲೇ ನಿಲ್ಲಿಸಿದರೆ ಹೆಡ್‌ನ ಉಪ್ಪು ಹಾಗೇ ಉಳಿಯುತ್ತದೆ.

ರೇಡಿಯೇಟರ್ ಬೈಕನ್ನು ಮೊದಲು ಬಿಸಿ ಮಾಡಿ ಪೂರ್ತಿ ಆರಲು ಬಿಟ್ಟೆ, ಮತ್ತೆ ಬಿಸಿ, ಮತ್ತೆ ಆರಿಸುವುದು. ಪ್ರತಿ ಸಲ ಆರಿದ ಮೇಲೆ ಟ್ಯಾಂಕಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ರೇಡಿಯೇಟರ್ ಮುಚ್ಚಳವನ್ನೂ ತೆಗೆದು ನೋಡಿದೆ. ಬಿಸಿಯಲ್ಲಿ ಟ್ಯಾಂಕಿನ ಮಟ್ಟ ಏರಬೇಕು, ಆರಿದಾಗ ಅದೇ ಗೆರೆಗೆ ಇಳಿಯಬೇಕು, ರೇಡಿಯೇಟರ್ ಬಾಯಿ ತನಕ ತುಂಬಿರಬೇಕು. ಮೂರೂ ಆಯಿತು. ಪಂಪಿನ ತೂತಿನ ಕೆಳಗೆ ಕಟ್ಟಿದ ಬಿಳಿ ಬಟ್ಟೆ ಒಣಗಿಯೇ ಇತ್ತು. ರಿಂಗ್ ಕೂರುವ ತನಕ ಒಂದೇ ವೇಗದಲ್ಲಿ ಎಳೆದುಕೊಂಡು ಹೋಗಬೇಡಿ, ಥ್ರಾಟಲ್ ಏರಿಸಿ ಇಳಿಸಿ ಓಡಿಸಿ, ಮೊದಲ ಆಯಿಲನ್ನು ಬೇಗ ಬದಲಿಸಿ ಅಂತ ಮಾಲೀಕರಿಗೆ ಹೇಳಿ ಕಳಿಸಿದೆ. ಟ್ಯಾಂಕಿನ ಮಟ್ಟ ನೋಡಿದರೆ ಸಾಲದು, ತಿಂಗಳಿಗೊಮ್ಮೆ ತಣ್ಣನೆಯ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ ಅಂತಲೂ ಹೇಳಿದ್ದೇನೆ.